ಹಿರಿಯರ ಹಬ್ಬಕ್ಕೆ ಬಂದವರಿಗೆ ನನ್ನ ಉತ್ತರ

ಕಳೆದ ಮಹಾಲಯ ಅಮಾವಾಸ್ಯೆಗೆ ಸಾದಲಿಯ ನಮ್ಮ ಮನೆಗೆ ಹದಿನೆಂಟು ಜನ ನೆಂಟರು ಬಂದಿದ್ದರು. ಹಿರಿಯರಿಗೆ ಎಡೆ ಇಟ್ಟು, ಊಟ ಮುಗಿದು, ಎಲೆ ಅಡಿಕೆ ತಟ್ಟೆ ನಡುವೆ ಬಂದಾಗ ಮಾತು ನನ್ನ ಮಗನ ಕಡೆಗೆ ಹೊರಳಿತು. ಅವನು ಹಿತ್ತಲಲ್ಲಿ ಹಂಡೆ ತೊಳೆಯುತ್ತಿದ್ದ. ಹಜಾರದ ಕಿಟಕಿ ಹಿತ್ತಲಿಗೇ ತೆರೆಯುತ್ತದೆ. ನೀವು ಆಡಿದ ಒಂದೊಂದು ಮಾತೂ ಅವನಿಗೆ ಕೇಳಿಸಿದೆ. ಅಂದು ನಾನು ಬಾಯಿ ತೆರೆಯಲಿಲ್ಲ. ಹಬ್ಬದ ದಿನ, ಮನೆಗೆ ಬಂದವರು, ವಯಸ್ಸಿನಲ್ಲಿ ದೊಡ್ಡವರು ಎಂದು ಸುಮ್ಮನಿದ್ದೆ. ರಾತ್ರಿ ಊಟಕ್ಕೆ ಕೂತಾಗ ಅವನೇ ಕೇಳಿದ: "ಅಮ್ಮ, ಅವರು ಹೇಳಿದ್ದರಲ್ಲಿ ಯಾವುದು ನಿಜ?" "ಯಾವುದೂ ಇಲ್ಲ, ಊಟ ಮಾಡು" ಎಂದುಬಿಟ್ಟೆ. ಅದು ಅವಸರದ ಉತ್ತರ. ನೀವು ಆಡಿದ್ದರಲ್ಲಿ ಬಹುಪಾಲು ತಪ್ಪು, ಒಂದೆರಡರಲ್ಲಿ ನಿಜವಿತ್ತು. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು ನಾನು, ಯಾವುದು ಸರಿ ಯಾವುದು ತಪ್ಪು ಎಂದು ಬಿಡಿಸಿ ಹೇಳದೆ ಬಿಡಬಾರದಿತ್ತು. ಈಗ ಹೇಳುತ್ತೇನೆ. ಬರೆಯುವ ಮುಂಚೆ ಅವನನ್ನು ಕೇಳಿದ್ದೇನೆ. "ನನ್ನ ಹೆಸರು ಬೇಡ, ಉಳಿದದ್ದು ಬರಿ" ಎಂದ.

ಅವನಿಗೆ ಈಗ 31 ವರ್ಷ. ಕಾಯಿಲೆ ಕಾಣಿಸಿಕೊಂಡಾಗ 22, ಡಿಗ್ರಿಯ ಕೊನೆಯ ವರ್ಷ. ವೈದ್ಯರು ಇಟ್ಟ ಹೆಸರು ಸ್ಕಿಜೋಫ್ರೇನಿಯಾ. ಇಲ್ಲದ ದನಿಗಳು ಕೇಳಿಸುವುದು, ಇಲ್ಲದ ಸಂಚು ಕಾಣುವುದು, ಆಮೇಲೆ ಮಾತು, ಆಸೆ, ಚಟುವಟಿಕೆ ಒಂದೊಂದಾಗಿ ಒಣಗುವುದು. ನೂರು ಜನರಲ್ಲಿ ಸುಮಾರು ಒಬ್ಬರಿಗೆ ಜೀವನದಲ್ಲಿ ಒಮ್ಮೆ ಬರುವ ಕಾಯಿಲೆ ಇದು, ಹೆಚ್ಚಾಗಿ ಹದಿನೈದರಿಂದ ಮೂವತ್ತರ ನಡುವೆ. ಅಂದರೆ ಹೆತ್ತವರು "ಇನ್ನು ನಮ್ಮ ಕೆಲಸ ಮುಗಿಯಿತು" ಎಂದುಕೊಳ್ಳುವ ಹೊತ್ತಿಗೆ.

ಮೊದಲನೆಯ ಮಾತು ನನ್ನ ಗಂಡನ ಚಿಕ್ಕಪ್ಪನದು. ರೇಷ್ಮೆಯಲ್ಲಿ ಕೂದಲು ನರೆದವರು. ಅವರು ಹೇಳಿದ್ದು ಹೀಗೆ: "ತಾಯಿ ಚಿಟ್ಟೆಯಲ್ಲೇ ಗಂಟು ರೋಗ ಇದ್ದರೆ ಸೊಪ್ಪು ಎಷ್ಟು ಹಾಕಿದರೇನು?" ಪಕ್ಕದಲ್ಲಿದ್ದ ಅತ್ತಿಗೆ ಸೇರಿಸಿದರು: "ಒಬ್ಬನೇ ಗಂಡು ಮಗ ಅಂತ ಮುದ್ದು ಮಾಡಿ ಕೆಡಿಸಿದಳು." ಒಂದೇ ಉಸಿರಿನಲ್ಲಿ ನನ್ನ ರಕ್ತಕ್ಕೂ ತಪ್ಪು ಹೊರಿಸಿದಿರಿ, ನನ್ನ ಕೈಗೂ ಹೊರಿಸಿದಿರಿ.

ಚಿಕ್ಕಪ್ಪಾ, ಗಂಟು ರೋಗದ ಹೋಲಿಕೆ ಇಲ್ಲಿ ನಿಲ್ಲುವುದಿಲ್ಲ. ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಆ ರೋಗದ ಕಣ ಕಣ್ಣಿಗೆ ಕಾಣುತ್ತದೆ. 1860ರ ದಶಕದಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಆ ದಾರಿಯನ್ನು ತೋರಿಸಿಕೊಟ್ಟದ್ದರಿಂದಲೇ ಇಂದಿಗೂ ನಮಗೆ ರೋಗವಿಲ್ಲದ ಮೊಟ್ಟೆ ಸಿಗುತ್ತಿದೆ. ನನ್ನ ಮಗನ ಕಾಯಿಲೆಗೆ ಅಂಥ ಪರೀಕ್ಷೆ ಇಲ್ಲ. ರಕ್ತದಲ್ಲಾಗಲಿ ಸ್ಕ್ಯಾನಿನಲ್ಲಾಗಲಿ ಇದೇ ಎಂದು ಬೆರಳಿಟ್ಟು ತೋರಿಸುವಂಥದ್ದು ಸಿಗುವುದಿಲ್ಲ. ವಂಶದ ಪಾಲು ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎಷ್ಟು? 1966ರಲ್ಲಿ ಅಮೆರಿಕದ ಲೆನಾರ್ಡ್ ಹೆಸ್ಟನ್ ಎಂಬ ವೈದ್ಯ ಒಂದು ಲೆಕ್ಕ ಹಾಕಿದ. ಸ್ಕಿಜೋಫ್ರೇನಿಯಾ ಇದ್ದ ತಾಯಂದಿರಿಗೆ ಹುಟ್ಟಿ, ಹುಟ್ಟಿದ ಕೆಲವೇ ದಿನಗಳಲ್ಲಿ ಬೇರೆಡೆ ಬೆಳೆಯಲು ಹೋದ 47 ಮಕ್ಕಳನ್ನು ದೊಡ್ಡವರಾದ ಮೇಲೆ ಹುಡುಕಿ ನೋಡಿದ. ಐವರಿಗೆ ಕಾಯಿಲೆ ಬಂದಿತ್ತು. ಅದೇ ರೀತಿ ಬೇರೆಡೆ ಬೆಳೆದ, ಆದರೆ ತಾಯಿಗೆ ಕಾಯಿಲೆ ಇಲ್ಲದ 50 ಮಕ್ಕಳಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಅತ್ತಿಗೆ, ಇದು ನಿಮಗೂ ಉತ್ತರ. ಆ ಐವರನ್ನು ಕಾಯಿಲೆಯ ತಾಯಿ ಸಾಕಿರಲಿಲ್ಲ, ಮುದ್ದು ಮಾಡಿರಲಿಲ್ಲ, ಹೊಡೆದಿರಲಿಲ್ಲ. ಮತ್ತೆ ಚಿಕ್ಕಪ್ಪಾ, ತಾಯಿಗೇ ಕಾಯಿಲೆ ಇದ್ದರೂ 42 ಮಕ್ಕಳಿಗೆ ಬರಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ತಗೊಳ್ಳಿ. ನನಗೆ ಕಾಯಿಲೆ ಇಲ್ಲ. ನಿಮ್ಮ ಮನೆತನದಲ್ಲಿ ಯಾರಿಗಿತ್ತು ಎಂದು ನಾನು ಕೇಳಲು ಹೋಗುವುದಿಲ್ಲ, ಕೇಳಿ ಆಗಬೇಕಾದ್ದೂ ಏನಿಲ್ಲ.

ತಾಯಿಯನ್ನು ದೂರುವುದು ನೀವೇ ಶುರು ಮಾಡಿದ್ದಲ್ಲ. 1948ರಲ್ಲಿ ಫ್ರೀಡಾ ಫ್ರಮ್-ರೈಕ್‌ಮನ್ ಎಂಬ ದೊಡ್ಡ ಮನೋವೈದ್ಯೆ, ತಾಯಿಯ ತಣ್ಣನೆಯ ನಡವಳಿಕೆಯಿಂದ ಈ ಕಾಯಿಲೆ ಬರುತ್ತದೆ ಎಂಬ ಅರ್ಥದ ಒಂದು ಹೆಸರನ್ನೇ ಹುಟ್ಟುಹಾಕಿದ್ದಳು. ಎರಡು ದಶಕ ಕಾಲ ಎಷ್ಟು ತಾಯಂದಿರು ಆ ಹೆಸರು ಹೊತ್ತು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರಬೇಕು. ವೈದ್ಯರು ಆ ಮಾತನ್ನು ಯಾವತ್ತೋ ಕೈಬಿಟ್ಟರು. ನಮ್ಮ ಹಜಾರದಲ್ಲಿ ಅದು ಇನ್ನೂ ಕೂತಿದೆ. ಅಲ್ಲಿ ತಾಯಿ ಮುದ್ದು ಮಾಡಲಿಲ್ಲ ಎಂಬ ದೂರು, ಇಲ್ಲಿ ಮುದ್ದು ಮಾಡಿದಳು ಎಂಬ ದೂರು.

ಎರಡನೆಯದು ಮದುವೆ. "ಒಂದು ಗಂಟು ಹಾಕಿಬಿಡಿ, ಜವಾಬ್ದಾರಿ ಬಂದರೆ ಎಲ್ಲ ಸರಿಹೋಗ್ತದೆ. ಗಡಿ ಆಚೆ ಒಂದು ಬಡವರ ಮನೆ ಹುಡುಗಿ ಇದ್ದಾಳೆ, ಅವರಿಗೇನೂ ಹೇಳಬೇಕಾಗಿಲ್ಲ." ಈ ಮಾತು ಆಡಿದವರಿಗೂ ಮೂರು ಜನ ಹೆಣ್ಣುಮಕ್ಕಳಿದ್ದಾರೆ. ನಿಮ್ಮ ನಡುವಿನವಳನ್ನು ಹೀಗೆ, ಏನೂ ಹೇಳದೆ, ಮುಚ್ಚಿಟ್ಟು ಕೊಡುತ್ತೀರಾ? ಬಡವರ ಮಗಳು ನನ್ನ ಮಗನ ಔಷಧವಲ್ಲ.

ಕಾನೂನು ಏನನ್ನುತ್ತದೆ ಎಂಬುದೂ ಗೊತ್ತಿರಲಿ. 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಮದುವೆಗೆ ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದವರ ಮದುವೆಯನ್ನು, ಮುಖ್ಯ ಸಂಗತಿ ಮುಚ್ಚಿಟ್ಟು ಮೋಸದಿಂದ ಮಾಡಿದ ಮದುವೆಯನ್ನು ನ್ಯಾಯಾಲಯ ರದ್ದು ಮಾಡಬಹುದು. ಹಾಗೆಂದು ಈ ಕಾಯಿಲೆ ಇದ್ದವರು ಮದುವೆಯೇ ಆಗಬಾರದು ಎಂದೂ ಇಲ್ಲ. 1988ರಲ್ಲಿ ರಾಮ್ ನಾರಾಯಣ ಗುಪ್ತ ಎಂಬವರ ವಿಚ್ಛೇದನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸ್ಕಿಜೋಫ್ರೇನಿಯಾ ಎಂಬ ಹೆಸರು ಅಂಟಿದ ಮಾತ್ರಕ್ಕೆ ಮದುವೆ ಮುರಿಯಲು ಆಗುವುದಿಲ್ಲ, ಕಾಯಿಲೆ ಎಷ್ಟು ತೀವ್ರ ಎಂಬುದನ್ನು ನೋಡಬೇಕು ಎಂದಿತು. ಆ ತೀರ್ಪು ಬರೆದವರು ನಮ್ಮ ಎಂ. ಎನ್. ವೆಂಕಟಾಚಲಯ್ಯನವರು. ನನ್ನ ಮಗನಿಗೆ ಮುಂದೊಂದು ದಿನ ಮದುವೆಯ ಮನಸ್ಸಾದರೆ, ಹುಡುಗಿ ಎಲ್ಲ ತಿಳಿದು ಒಪ್ಪಿದರೆ, ನಾನೇ ಮುಂದೆ ನಿಂತು ಮಾಡುತ್ತೇನೆ. ಸದ್ಯಕ್ಕೆ ಅವನಿಗೆ ಆ ಮನಸ್ಸಿಲ್ಲ. ಕೇಳಿದ್ದೇನೆ.

ಮೂರನೆಯದು ಮಾತ್ರೆಯ ವಿಷಯ. "ಇಂಗ್ಲಿಷ್ ಔಷಧ ತಿಂದೂ ತಿಂದೂ ಮಂಕಾಗಿಬಿಟ್ಟಿದ್ದಾನೆ. ಎಷ್ಟು ವರ್ಷ ತಿನ್ನಿಸ್ತೀರಿ? ಸ್ವಲ್ಪ ದಿನ ನಿಲ್ಲಿಸಿ ನೋಡಿ." ನೋಡಿದ್ದೇವೆ. ಕಾಯಿಲೆ ಬಂದ ಮೂರನೆಯ ವರ್ಷ ಹೀಗೇ ಒಬ್ಬ ಹಿತೈಷಿಯ ಮಾತು ಕೇಳಿ ವೈದ್ಯರಿಗೆ ಹೇಳದೆ ನಿಲ್ಲಿಸಿದೆವು. ಮೊದಲ ತಿಂಗಳು ಮುಖದಲ್ಲಿ ಕಳೆ ಬಂತು, ನಕ್ಕ, ಮೈಯೂ ಇಳಿಯಿತು. ನಾವು ದೇವರಿಗೆ ಕೈ ಮುಗಿದೆವು. ಏಳನೆಯ ವಾರ ನಮ್ಮ ರೇಷ್ಮೆ ಹುಳು ನಾಲ್ಕನೆಯ ಜ್ವರ, ಅಂದರೆ ಪೊರೆ ಬಿಡುವ ಹಂತ, ದಾಟಿ ಎದ್ದು ಸೊಪ್ಪು ಮೇಯುತ್ತಿತ್ತು. ರೇಷ್ಮೆ ಸಾಕಿದವರಿಗೆ ಗೊತ್ತು, ಆ ಹೊತ್ತಿನಲ್ಲಿ ಹುಳು ಮನೆಯೊಳಗೆ ಸೋನೆ ಮಳೆ ಸುರಿದಂತೆ ಸದ್ದು. ಆ ಸದ್ದಿನಲ್ಲಿ ಅವನಿಗೆ ಮಾತು ಕೇಳಿಸಿತು. ಸಾವಿರಾರು ಬಾಯಿಗಳು ತನ್ನನ್ನೇ ಬೈಯುತ್ತಿವೆ ಎಂದ. ರಾತ್ರಿ ಎರಡು ಗಂಟೆಗೆ ಒಂದು ಬದಿಯ ತಟ್ಟೆಗಳನ್ನೆಲ್ಲ ಅಂಗಳಕ್ಕೆ ಸುರಿದು, ತಲೆಗೆ ಕೈ ಹೊತ್ತು ಕೂತಿದ್ದ. ಆ ಬೆಳೆ ಹೋಯಿತು, ಅದು ಹೋಗಲಿ. ಅವನು ಮತ್ತೆ ಮೊದಲಿನ ಸ್ಥಿತಿಗೆ ಬರಲು ಒಂದೂವರೆ ವರ್ಷ ಹಿಡಿಯಿತು.

ಮಾತ್ರೆಯಿಂದ ತೊಂದರೆ ಇಲ್ಲ ಎಂದು ನಾನು ಹೇಳುವುದಿಲ್ಲ. ತೂಕ ಹೆಚ್ಚಿದೆ, ಬೆಳಗಿನ ಹೊತ್ತು ಏಳಲು ಆಗುವುದಿಲ್ಲ, ಕೈ ನಡುಗುತ್ತಿತ್ತು. ಅದನ್ನು ವೈದ್ಯರಿಗೆ ಹೇಳಿದೆವು, ಮಾತ್ರೆ ಬದಲಾಯಿತು, ನಡುಕ ನಿಂತಿತು. ಈಗ ದಿನದ ಮಾತ್ರೆಯ ಬದಲು ತಿಂಗಳಿಗೊಮ್ಮೆ ಸೂಜಿ. ಇನ್ನು "ಇಂಗ್ಲಿಷ್" ಎಂಬ ತಿರಸ್ಕಾರದ ಬಗ್ಗೆ ಒಂದು ಮಾತು. ಹುಚ್ಚಿಗೂ ರಕ್ತದೊತ್ತಡಕ್ಕೂ ಸರ್ಪಗಂಧದ ಬೇರು ಕೆಲಸ ಮಾಡುತ್ತದೆ ಎಂದು ಕಲ್ಕತ್ತದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. ಆ ಬೇರಿನ ಸಾರವನ್ನು 1950ರ ದಶಕದಲ್ಲಿ ಪಶ್ಚಿಮದ ಆಸ್ಪತ್ರೆಗಳೂ ಬಳಸಿದವು. ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುವ, ಕಡಿಮೆ ಕೆಡುಕಿನ ಔಷಧಗಳು ಬಂದದ್ದರಿಂದ ಅದು ಹಿಂದೆ ಸರಿಯಿತು. ಔಷಧಕ್ಕೆ ಜಾತಿ ಇಲ್ಲ.

ಮಾತ್ರೆಯ ಮಾತಿನ ಜೊತೆಗೇ ಬಂದದ್ದು ದೇವರ ಮಾತು. ಗಾಳಿ ಸೋಕಿದೆ, ಮುರುಗಮಲ್ಲದ ದರ್ಗಾಕ್ಕೆ ಕರೆದೊಯ್ಯಿರಿ, ವಿದುರಾಶ್ವತ್ಥದಲ್ಲಿ ನಾಗರಕಲ್ಲು ನಿಲ್ಲಿಸಿ, ಕೈವಾರಕ್ಕೆ ಹರಕೆ ಹೊತ್ತುಕೊಳ್ಳಿ. ಇಲ್ಲೆಲ್ಲ ಹೋಗಿದ್ದೇವೆ, ಮುಂದೆಯೂ ಹೋಗುತ್ತೇವೆ. ನಾನು ದೇವರನ್ನು ನಂಬುವವಳು. ಬೆಂಗಳೂರಿನ ಮಾನಸಿಕ ಆಸ್ಪತ್ರೆ ನಿಮ್ಹಾನ್ಸ್‌ನ ಡಾ. ಆರ್. ರಘುರಾಮ್ ಮತ್ತು ಅವರ ಜೊತೆಯವರು ತಮಿಳುನಾಡಿನ ಮುತ್ತುಸ್ವಾಮಿ ಗುಡಿಯಲ್ಲಿ ಉಳಿದುಕೊಂಡಿದ್ದ 31 ಮಂದಿ ರೋಗಿಗಳನ್ನು ಗಮನಿಸಿ 2002ರಲ್ಲಿ ಬರೆದರು. ಸರಾಸರಿ ಆರು ವಾರ ಅಲ್ಲಿದ್ದವರ ಲಕ್ಷಣ ಸುಮಾರು ಶೇಕಡ 20ರಷ್ಟು ತಗ್ಗಿತ್ತು. ಅಲ್ಲಿ ಮಂತ್ರವಾದಿ ಇರಲಿಲ್ಲ, ಹೊಡೆತ ಇರಲಿಲ್ಲ. ಮನೆಯವರು ಜೊತೆಗಿದ್ದರು, ಪೂಜೆ ಸರಳ, ಸಣ್ಣಪುಟ್ಟ ಕೆಲಸ, ಯಾರೂ ಹೀಯಾಳಿಸುತ್ತಿರಲಿಲ್ಲ. ಅಂಥ ಗುಡಿಗೆ ನನ್ನ ನಮಸ್ಕಾರ. ಅದಕ್ಕೆ ಒಂದು ವರ್ಷ ಮುಂಚೆ, 2001ರ ಆಗಸ್ಟ್ 6ರ ಬೆಳಗಿನ ಜಾವ, ಅದೇ ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಸುತ್ತ ಬೆಳೆದಿದ್ದ ಖಾಸಗಿ ಕೊಟ್ಟಿಗೆಗಳಲ್ಲೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಂದಿ ರೋಗಿಗಳು ಓಡಲಾಗದೆ ಸುಟ್ಟುಹೋದರು.

ಏರ್ವಾಡಿಯನ್ನು ಇಲ್ಲಿ ತಂದದ್ದು ನಾಲ್ಕನೆಯ ಮಾತಿಗಾಗಿ. ಒಬ್ಬರು, ತೀರಾ ತಗ್ಗಿದ ದನಿಯಲ್ಲಿ, ನನ್ನ ಮೇಲಿನ ಕನಿಕರದಿಂದಲೇ ಅಂದರು: "ನಿನಗೂ ವಯಸ್ಸಾಯ್ತು ಅಕ್ಕಾ. ಯಾವುದಾದರೂ ಆಶ್ರಮಕ್ಕೆ ಬಿಟ್ಟು ಬಾ. ಇಲ್ಲ ಅಂದ್ರೆ ಹಿಂದಿನ ಕೋಣೆಯಲ್ಲಿ ಬೀಗ ಹಾಕಿಡು." ಆ 28 ಮಂದಿಯನ್ನೂ ಯಾರೋ ಕನಿಕರದಿಂದಲೇ ಬಿಟ್ಟು ಬಂದಿದ್ದರು. ಸರಪಳಿ ಹಾಕುವುದನ್ನು ಇಂದು ಕಾನೂನು ಯಾವ ರೂಪದಲ್ಲೂ ಒಪ್ಪುವುದಿಲ್ಲ. ಕಾನೂನು ಒಪ್ಪಿದ್ದರೂ ನಾನು ಹಾಕುತ್ತಿರಲಿಲ್ಲ. ಈ ಮಾತಿಗೆ ಇಷ್ಟೇ ಉತ್ತರ.

"ಗಂಡಸಾಗಿ ಮೂವತ್ತು ದಾಟಿದ್ದಾನೆ, ತಿಂದು ಮಲಗ್ತಾನೆ. ಎರಡು ದಿನ ಅನ್ನ ನಿಲ್ಲಿಸಿದರೆ ತಾನೇ ಎದ್ದು ದುಡೀತಾನೆ." ಇದು ನನ್ನ ಮೈದುನನದು. ಎಲ್ಲದಕ್ಕಿಂತ ಹೆಚ್ಚು ನನ್ನ ಮಗನನ್ನು ಚುಚ್ಚಿದ್ದೂ ಇದೇ, ಯಾಕೆಂದರೆ ಅವನೂ ತನ್ನ ಬಗ್ಗೆ ಹಾಗೇ ಅಂದುಕೊಳ್ಳುತ್ತಾನೆ. ಈ ಕಾಯಿಲೆಯಲ್ಲಿ ದನಿ ಕೇಳಿಸುವುದು, ಅನುಮಾನ ಪಡುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಏಳುವ, ಸ್ನಾನ ಮಾಡುವ, ಮಾತಾಡುವ, ಬೇಕು ಎನ್ನುವ ಶಕ್ತಿಯೇ ಬತ್ತುವುದು ಕಣ್ಣಿಗೆ ಬೀಳದ ಭಾಗ, ಮಾತ್ರೆಗೂ ಅಷ್ಟಾಗಿ ಬಗ್ಗದ ಭಾಗ. ನೋಡುವವರಿಗೆ ಅದು ಸೋಮಾರಿತನ. ಮುರಿದ ಕಾಲಿಗೆ ಓಡು ಎಂದರೆ ಓಡುತ್ತದೆಯೇ? ಕಾಲಾದರೂ ಬ್ಯಾಂಡೇಜು ಕಟ್ಟಿಕೊಂಡು ಸಾಕ್ಷಿ ಹೇಳುತ್ತದೆ.

ಅವನು ಏನು ಮಾಡುತ್ತಾನೆ ಎಂಬುದನ್ನು ಮೈದುನ ಒಮ್ಮೆ ಬಂದು ನೋಡಲಿ. ಎರಡನೆಯ ಜ್ವರ ದಾಟಿದ ಚಾಕಿ ಹುಳು ಮನೆಗೆ ಬಂದ ದಿನದಿಂದ ಗೂಡು ಬಿಡಿಸುವವರೆಗೆ ಸಂಜೆಯ ಸೊಪ್ಪು ಅವನದೇ. ಬೆಳಗಿನದು ಅವನಿಂದ ಆಗುವುದಿಲ್ಲ, ಅದನ್ನು ಅವರಪ್ಪ ಹಾಕುತ್ತಾರೆ. ಶಿಡ್ಲಘಟ್ಟದ ಗೂಡು ಮಾರುಕಟ್ಟೆಯ ನೂಕುನುಗ್ಗಲು ಅವನಿಗೆ ತಡೆಯದು, ಅಲ್ಲಿಗೂ ಅವರಪ್ಪನೇ ಹೋಗುತ್ತಾರೆ. ಹುಳು ಹಣ್ಣಾದ ದಿನ ಮಾತ್ರ ಅವನು ನಮ್ಮಿಬ್ಬರನ್ನೂ ಮೀರಿಸುತ್ತಾನೆ. ಒಂದೊಂದನ್ನೇ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಕೆಲಸದಲ್ಲಿ ಅವನ ಕೈಗಿರುವ ತಾಳ್ಮೆ ನನ್ನ ಕೈಗಿಲ್ಲ. ಹುಳು ಮೇಯುವ ಆ ಮಳೆ ಸದ್ದು ಈಗಲೂ ಕೆಲವು ಸಂಜೆ ಮಾತಾಗುತ್ತದಂತೆ. ಆಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಹಳೆಯ ಹಾಡು ಹಾಕಿಕೊಂಡು ಸೊಪ್ಪು ಹಾಕುತ್ತಾನೆ. ಈ ಉಪಾಯ ಕಂಡುಕೊಂಡವನೂ ಅವನೇ. 2005ರ ಸುಮಾರಿನಿಂದ ನಿಮ್ಹಾನ್ಸ್‌ನವರು ತೀರ್ಥಹಳ್ಳಿ ತಾಲೂಕಿನ ಹಳ್ಳಿಗಳಲ್ಲಿ ಇಂಥವರನ್ನು ಮನೆಮನೆಯಲ್ಲಿ ಹುಡುಕಿ ಊರಿನಲ್ಲೇ ಚಿಕಿತ್ಸೆ ಕೊಟ್ಟು ವರ್ಷಗಟ್ಟಲೆ ಗಮನಿಸಿದರು. ಚಿಕಿತ್ಸೆ ತೆಗೆದುಕೊಂಡವರು ತೆಗೆದುಕೊಳ್ಳದವರಿಗಿಂತ ಚೆನ್ನಾಗಿ ಬದುಕು ನಡೆಸುತ್ತಿದ್ದರು ಎಂಬುದೇ ಅವರು ಕಂಡದ್ದು. ಅನ್ನ ನಿಲ್ಲಿಸಿ ಗುಣಪಡಿಸಿದ ವೈದ್ಯರನ್ನು ನಾನು ಇದುವರೆಗೆ ಕಂಡಿಲ್ಲ.

ಇಲ್ಲಿಯವರೆಗೆ ಉತ್ತರ ಹೇಳುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಬೆಂಗಳೂರಿನಲ್ಲಿ ಕಾನೂನು ಓದುತ್ತಿರುವ ಮೈದುನನ ಮಗಳ ಮಾತಿಗೆ. ಅಪ್ಪನ ಮಾತಿಗೆ ಸಿಟ್ಟಾಗಿ ಅವಳು ಎದ್ದು ನಿಂತಳು, ಆದರೆ ತಿರುಗಿದ್ದು ನನ್ನ ಕಡೆ: "ದೊಡ್ಡಮ್ಮ, ಅಣ್ಣ ವಯಸ್ಕ. ಯಾವ ಆಸ್ಪತ್ರೆ, ಯಾವ ಮಾತ್ರೆ, ಎಷ್ಟು ದುಡ್ಡು, ಎಲ್ಲಿಗೆ ಹೋಗಬೇಕು, ಎಲ್ಲ ನೀವೇ ತೀರ್ಮಾನ ಮಾಡ್ತೀರಿ. ಅದು ಪ್ರೀತಿ ಅಲ್ಲ, ಅಧಿಕಾರ." ಹಜಾರ ಸುಮ್ಮನಾಯಿತು. ನನಗೂ ಉಸಿರು ಕಟ್ಟಿತು.

ಮಗಳೇ, ನಿನ್ನ ಮಾತಿನಲ್ಲಿ ಅರ್ಧ ನಿಜ. ಆ ಅರ್ಧವನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಐದು ವರ್ಷದ ಹಿಂದೆ ಅವನು ಮಾತ್ರೆ ಬೇಡ ಎಂದು ಹಟ ಹಿಡಿದಿದ್ದ. ನಾನು ಪುಡಿ ಮಾಡಿ ಮಜ್ಜಿಗೆಯಲ್ಲಿ ಬೆರೆಸಿ ಕೊಡುತ್ತಿದ್ದೆ. ನಾಲ್ಕು ತಿಂಗಳು ನಡೆಯಿತು. ಒಂದು ದಿನ ಲೋಟದ ತಳದಲ್ಲಿ ಬಿಳಿ ಕಣ ನೋಡಿಬಿಟ್ಟ. ತನ್ನ ಊಟಕ್ಕೆ ಯಾರೋ ವಿಷ ಹಾಕುತ್ತಾರೆ ಎಂಬ ಭಯವೇ ಅವನ ಕಾಯಿಲೆಯ ನಡುವಿನಲ್ಲಿದ್ದದ್ದು. ಅದು ಸುಳ್ಳು, ನಿನ್ನ ಭ್ರಮೆ ಎಂದು ವರ್ಷಗಟ್ಟಲೆ ಹೇಳಿದವಳು ನಾನು. ಆ ಲೋಟ ಅವನ ಭಯವನ್ನು ನಿಜ ಮಾಡಿತು. ಆಮೇಲೆ ಎರಡು ತಿಂಗಳು ನನ್ನ ಕೈಯಿಂದ ನೀರನ್ನೂ ಕುಡಿಯಲಿಲ್ಲ, ಅಂಗಡಿಯ ಬನ್ನು ತಿಂದುಕೊಂಡಿದ್ದ. ಅದನ್ನು ನಾನು ಪ್ರೀತಿಯಿಂದ ಮಾಡಿದೆ, ಮತ್ತು ಅದು ತಪ್ಪು. ಎರಡೂ ನಿಜ.

ವೈದ್ಯರ ಲೆಕ್ಕವೂ ನಿನ್ನ ಪರವಾಗಿಯೇ ಇದೆ. ಲಂಡನ್ನಿನ ಜಾರ್ಜ್ ಬ್ರೌನ್ 1950ರ ದಶಕದಲ್ಲಿ ಗಮನಿಸಿದ ಒಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತು. ಆಸ್ಪತ್ರೆಯಿಂದ ತಂದೆ ತಾಯಿಯ ಅಥವಾ ಹೆಂಡತಿಯ ಬಳಿಗೆ ಹೋದವರಿಗಿಂತ, ಬಾಡಿಗೆ ಕೋಣೆಗೋ ಅಣ್ಣತಮ್ಮಂದಿರ ಬಳಿಗೋ ಹೋದವರಿಗೆ ಕಾಯಿಲೆ ಮರುಕಳಿಸುವುದು ಕಡಿಮೆ ಇತ್ತು. ಮುಂದೆ ಹುಡುಕುತ್ತಾ ಹೋದಾಗ ತಿಳಿದದ್ದು, ಮನೆಯಲ್ಲಿ ಸದಾ ಕೊಂಕು, ಸಿಟ್ಟು, ಇಲ್ಲವೇ ಅತಿಯಾದ ಒದ್ದಾಟ ಇದ್ದರೆ ಕಾಯಿಲೆ ಬೇಗ ಮರಳುತ್ತದೆ. 1976ರಲ್ಲಿ ಕ್ರಿಸ್ಟೀನ್ ವಾನ್ ಮತ್ತು ಜೂಲಿಯನ್ ಲೆಫ್, ಅಂಥ ಮನೆಗಳಲ್ಲಿ ವಾರಕ್ಕೆ 35 ಗಂಟೆಗಿಂತ ಹೆಚ್ಚು ಮುಖಾಮುಖಿ ಇದ್ದರೆ ಅಪಾಯ ಇನ್ನೂ ಹೆಚ್ಚು ಎಂದರು. "ಊಟ ಮಾಡಿದೆಯಾ, ಯಾಕೆ ಮಾಡಲಿಲ್ಲ, ಮಲಗು, ಯಾಕೆ ಮಲಗಿದೆ" ಎಂದು ಅವನ ಹಿಂದೆ ಹಿಂದೆ ಸುತ್ತುತ್ತಿದ್ದ ನಾನು ಅದನ್ನು ಓದಿ ನನ್ನನ್ನೇ ಕಂಡೆ. ಚಂಡೀಗಢದಲ್ಲಿ ಡಾ. ಎನ್. ಎನ್. ವಿಗ್ ಮತ್ತಿತರರು ಇದೇ ಅಳತೆಗೋಲು ಹಿಡಿದು ನೋಡಿದಾಗ ನಮ್ಮ ದೇಶದ ಮನೆಗಳಲ್ಲಿ ಅಂಥ ಕೊಂಕು ಲಂಡನ್ನಿನ ಮನೆಗಳಿಗಿಂತ ಕಡಿಮೆ ಇತ್ತು. ಅದು ಸಮಾಧಾನ ಕೊಟ್ಟರೂ ನಾನು ಬದಲಾಗಬೇಕಿತ್ತು. ಈಗ ಹುಳು ಮನೆಯ ಪಕ್ಕದ ಕೋಣೆ ಅವನದು, ಒಳಗಿನ ಅಗುಳಿಯೂ ಅವನದು. ಬಾಗಿಲು ತಟ್ಟದೆ ನಾನು ಒಳಗೆ ಹೋಗುವುದಿಲ್ಲ.

ಇನ್ನರ್ಧ ನೀನು ನೋಡಬೇಕಾದದ್ದು. 2017ರಲ್ಲಿ ಅಂಗೀಕಾರವಾಗಿ 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯ್ದೆಯನ್ನು ನೀನು ತರಗತಿಯಲ್ಲಿ ಓದಿದ್ದೀಯ. ಎಲ್ಲರಿಗೂ ತಮ್ಮ ಚಿಕಿತ್ಸೆಯ ಬಗ್ಗೆ ತೀರ್ಮಾನಿಸುವ ಸಾಮರ್ಥ್ಯ ಇದೆ ಎಂದೇ ಅದು ಹೊರಡುತ್ತದೆ. ಅದು ದೊಡ್ಡ ಮಾತು, 1912ರ ಹುಚ್ಚರ ಕಾಯ್ದೆಯಿಂದ ಇಲ್ಲಿಗೆ ಬರಲು ನೂರು ವರ್ಷ ಹಿಡಿದಿದೆ. ಆದರೆ ಮಾಹಿತಿ ಅರ್ಥವಾಗದ, ಪರಿಣಾಮ ತೂಗಲಾಗದ ಹೊತ್ತು ಬರಬಹುದು ಎಂದೂ ಅದೇ ಕಾಯ್ದೆ ಒಪ್ಪುತ್ತದೆ. ತನಗೋ ಇತರರಿಗೋ ಅಪಾಯ ತಂದುಕೊಳ್ಳುವ, ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿಯಲ್ಲಿ, ಇಬ್ಬರು ವೈದ್ಯಕೀಯ ಪರಿಣತರು ಬೇರೆ ಬೇರೆಯಾಗಿ ಪರೀಕ್ಷಿಸಿದ ಮೇಲೆ, ನಾಮನಿರ್ದೇಶಿತ ಪ್ರತಿನಿಧಿಯ ಕೋರಿಕೆಯಂತೆ 30 ದಿನದವರೆಗೆ ದಾಖಲು ಮಾಡಿಕೊಳ್ಳಲು 89ನೇ ಸೆಕ್ಷನ್ ಇದೆ. ರಾತ್ರಿ ಎರಡು ಗಂಟೆಗೆ ಹುಳದ ತಟ್ಟೆಗಳ ನಡುವೆ ತಲೆ ಹೊತ್ತು ಕೂತವನ ಎದುರು ನಿಂತು "ನೀನು ವಯಸ್ಕ, ನಿನ್ನಿಷ್ಟ" ಎಂದು ನಾನು ಒಳಗೆ ಹೋಗಿ ಮಲಗಲಾಗುತ್ತಿತ್ತೇ? ಅವನನ್ನು ಅವನ ಭಯದ ಕೈಗೆ ಒಪ್ಪಿಸಿ ಹೋದರೆ ಅದನ್ನು ಹಕ್ಕು ಎಂದು ನಾನು ಕರೆಯಲಾರೆ.

ನಮ್ಮ ಮನೆಯಲ್ಲಿ ನಾವು ಕಂಡುಕೊಂಡ ದಾರಿ ಹೇಳುತ್ತೇನೆ. ಅದೇ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಯಾರು ಬೇಕಾದರೂ ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿ ತಮ್ಮ ಪ್ರತಿನಿಧಿಯನ್ನು ಹೆಸರಿಸಬಹುದು, ಬೇಡವೆನಿಸಿದಾಗ ಬದಲಿಸಬಹುದು. 5ನೇ ಸೆಕ್ಷನ್ ಪ್ರಕಾರ, ಮುಂದೆ ಕಾಯಿಲೆ ಹೆಚ್ಚಾದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಚೆನ್ನಾಗಿದ್ದಾಗಲೇ ಬರೆದಿಡಬಹುದು. ಎರಡು ವರ್ಷದ ಹಿಂದೆ ಅವನು ಚೆನ್ನಾಗಿದ್ದ ಒಂದು ದಿನ ಹಾಳೆ ಪೆನ್ನು ಅವನ ಮುಂದಿಟ್ಟೆ. ಅರ್ಧ ಗಂಟೆ ಯೋಚಿಸಿದ. ಬರೆದದ್ದು ತನ್ನ ಅಕ್ಕನ ಹೆಸರು. ನನ್ನದಲ್ಲ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಏಳು ವರ್ಷ ಆಸ್ಪತ್ರೆಯ ಸಾಲಿನಲ್ಲಿ ನಿಂತವಳು ನಾನು, ಸಾದಲಿಯಿಂದ ಶಿಡ್ಲಘಟ್ಟಕ್ಕೆ ಒಂದು ಬಸ್ಸು, ಅಲ್ಲಿಂದ ಬೆಂಗಳೂರಿಗೆ ಇನ್ನೊಂದು, ಮೆಜೆಸ್ಟಿಕ್‌ನಿಂದ ಹೊಸೂರು ರಸ್ತೆಗೆ ಮತ್ತೊಂದು ಹತ್ತಿಳಿದವಳು ನಾನು. ಬೆಳಗ್ಗೆ ಯಾಕೆಂದು ಕೇಳಿದೆ. "ನೀನು ಹೆದರಿಬಿಡ್ತೀಯ ಅಮ್ಮ. ಅಕ್ಕ ಹೆದರಲ್ಲ" ಎಂದ. ಸರಿಯಾಗಿಯೇ ಹೇಳಿದ್ದ. ಕೆಳಗಿನ ಸಾಲಿನಲ್ಲಿ ಇನ್ನೂ ಒಂದು ಮಾತು ಬರೆದಿದ್ದ: ಮಾತ್ರೆ ಕೊಡುವುದಾದರೆ ತೋರಿಸಿ ಕೊಡಬೇಕು. ಆ ಹಾಳೆ ಅಕ್ಕಿ ಡಬ್ಬದ ಮೇಲಿನ ಕಪಾಟಿನಲ್ಲಿದೆ, ಅವನಿಗೂ ನನಗೂ ಎಟಕುವ ಜಾಗದಲ್ಲಿ. ತಿಂಗಳ ಸೂಜಿಗೆ ಒಪ್ಪಿದವನೂ ಅವನೇ, ವೈದ್ಯರ ಬಳಿ ಅರ್ಧ ಗಂಟೆ ಪ್ರಶ್ನೆ ಕೇಳಿ.

ಮಗಳೇ, ಮನೆಯವರನ್ನು ಪೂರ್ತಿ ಹೊರಗಿಟ್ಟು ಈ ಕಾಯಿಲೆಗೆ ಚಿಕಿತ್ಸೆ ನಡೆಸುವುದು ಈ ದೇಶದಲ್ಲಿ ಆಗಿಲ್ಲ. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಜೊತೆಗೇ ಉಳಿಸಿಕೊಂಡರು. ನಿಮ್ಹಾನ್ಸ್‌ನವರು 1970ರ ದಶಕದಲ್ಲಿ ಸಕಲವಾರದಿಂದ ಹಳ್ಳಿಗಳಿಗೆ ಹೊರಟು, 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮಾನಸಿಕ ಚಿಕಿತ್ಸೆ ಶುರು ಮಾಡಿದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಅಲ್ಲೆಲ್ಲ ಮಾತ್ರೆ ತಲುಪಿದ್ದು ವೈದ್ಯರಿಂದ, ಅದು ಉಳಿದದ್ದು ಮನೆಯವರಿಂದ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮಾನಸಿಕ ಕಾಯಿಲೆ ಇರುವ ಹತ್ತು ಜನರಲ್ಲಿ ಏಳಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಅವರ ಮತ್ತು ಆಸ್ಪತ್ರೆಯ ನಡುವೆ ಇರುವುದು ಯಾರೋ ಒಬ್ಬ ಅಮ್ಮ, ಅಣ್ಣ, ಹೆಂಡತಿ, ಇಲ್ಲವೇ ಯಾರೂ ಇಲ್ಲ.

ಕೊನೆಯ ಪ್ರಶ್ನೆ ಯಾರು ಕೇಳಿದರೋ ನೆನಪಿಲ್ಲ. "ನೀವಿಬ್ಬರೂ ಹೋದ ಮೇಲೆ?" ಇದು ವಿರೋಧದ ಮಾತಲ್ಲ, ಇದಕ್ಕೆ ನನ್ನ ಬಳಿ ಖಂಡನೆ ಇಲ್ಲ. ಪ್ರತಿ ರಾತ್ರಿ ದೀಪ ಆರಿಸುವಾಗ ಬರುವ ಪ್ರಶ್ನೆ ಇದು. ಮಾಡಿದ್ದಷ್ಟನ್ನು ಹೇಳುತ್ತೇನೆ. ಮಾನಸಿಕ ಕಾಯಿಲೆಯೂ ಅಂಗವೈಕಲ್ಯ ಎಂದು 2016ರ ಕಾಯ್ದೆ ಗುರುತಿಸಿದೆ. ಅವನಿಗೆ ಶೇಕಡ 40ರ ಮೇಲಿನ ಪ್ರಮಾಣಪತ್ರ ಮಾಡಿಸಿದ್ದೇವೆ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ ಅಕ್ಕ ತಮ್ಮ ಇಬ್ಬರ ಹೆಸರಿನಲ್ಲೂ ಇರುವಂತೆ ಉಯಿಲು ಬರೆದಿದ್ದೇವೆ. ಮನೋವೈದ್ಯರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೆ ಬಂದು ನೋಡುವ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮ ಇರುವುದರಿಂದ ಪ್ರತಿ ಸಲವೂ ಬೆಂಗಳೂರಿಗೆ ಓಡಬೇಕಿಲ್ಲ. ಬಸ್ಸು ಹತ್ತಿ ಒಬ್ಬನೇ ಶಿಡ್ಲಘಟ್ಟಕ್ಕೆ ಹೋಗಿ ಬರುವುದನ್ನು ಅವನು ಕಲಿತಿದ್ದಾನೆ. ಮೊದಲ ಮೂರು ಸಲ ನಾನು ಹಿಂದಿನ ಬಸ್ಸಿನಲ್ಲಿ ಹೋದೆ. ನಾಲ್ಕನೆಯ ಸಲ ಮನೆಯಲ್ಲೇ ಉಳಿದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅವನ ಫೋನಿನಲ್ಲಿ ಇದೆ. ಹಗಲು ರಾತ್ರಿ ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ. ನಿಮ್ಮ ಮನೆಯಲ್ಲೂ ಯಾರಿಗಾದರೂ ಬೇಕಾಗಬಹುದು, ಬರೆದಿಟ್ಟುಕೊಳ್ಳಿ.

ಇದಿಷ್ಟು ಸಾಲದು ಎಂದು ನನಗೆ ಗೊತ್ತು. ಹೆತ್ತವರು ಹೋದ ಮೇಲೆ ಇಂಥ ಮಕ್ಕಳು ಊರಿನ ನಡುವೆಯೇ ಬದುಕಲು ಬೇಕಾದ ಮನೆಗಳು, ಹಗಲು ಕೇಂದ್ರಗಳು ಪ್ರತಿ ತಾಲೂಕಿಗೂ ಬರಬೇಕು. ಸಮುದಾಯದ ನಡುವೆ ಬದುಕುವುದು ಅವರ ಹಕ್ಕು ಎಂದು 2017ರ ಕಾಯ್ದೆಯೇ ಹೇಳುತ್ತದೆ. ಅದನ್ನು ಸರ್ಕಾರದಿಂದ ಕೇಳಬೇಕಾದವರು ನಾವು ನಾಲ್ಕು ಮನೆಯ ಅಮ್ಮಂದಿರು ಮಾತ್ರ ಆಗಬಾರದು.

ಈ ಸಲವೂ ಹಿರಿಯರ ಹಬ್ಬಕ್ಕೆ ಬನ್ನಿ. ಚಿಕ್ಕಪ್ಪಾ, ನೀವೂ ಬನ್ನಿ. ಆ ವಾರ ನಮ್ಮ ಹುಳು ಹಣ್ಣಾಗುತ್ತದೆ, ಕೈ ಬೇಕಾಗುತ್ತದೆ. ಅವನು ಹೇಗಿದ್ದಾನೆ ಎಂದು ನನ್ನನ್ನು ಕೇಳಬೇಡಿ. ಅವನು ಹುಳು ಮನೆಯಲ್ಲೇ ಇರುತ್ತಾನೆ, ಅವನನ್ನೇ ಕೇಳಿ.